ಗೊನೆಯ ಮೇಲೆ ಕೆಂಪು ಹುಡಿ

ಮೂಡುಬಿದಿರೆಯ ಹಳೇ ಪೇಟೆಯಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದೆ. ಬಾಳೆಹಣ್ಣಿನ ಅಂಗಡಿಯ ಕಾಂತಿಯಕ್ಕ ಓಡಿ ಬಂದು, ನನ್ನ ಪಕ್ಕ ನಿಂತಿದ್ದ ಅವರ ತಮ್ಮನ ಕೈ ಹಿಡಿದರು.

"ರಸ್ತೆಯಡಿಯ ನೆಲಮಾಳಿಗೆಯಲ್ಲಿ ಹಣ್ಣಾಗಲು ತೂಗುಹಾಕಿದ ಗೊನೆಗಳ ಮೇಲೆಲ್ಲ ಕೆಂಪು ಹುಡಿ ಮಾರಾಯ."

"ಮೇಲೆ ಬಸ್ಸು ಹೋದಾಗ ಮೊದಲಿಂದಲೂ ಉದುರ್ತದಲ್ಲ ಅಕ್ಕ?"

"ಈಗ ಬಸ್ಸು ಇಲ್ಲದಾಗಲೂ ಉದುರ್ತಾ ಉಂಟು."

"ನೆಲಮಾಳಿಗೆಯ ಮಾಡು ಬಸದಿ ಕಟ್ಟಿದ ಕಾಲದ ಕೆಂಪು ಕಲ್ಲಿನ ಕಮಾನು. ಅಷ್ಟು ಸುಲಭದಲ್ಲಿ ಬೀಳ್ತದಾ?"

"ನಡುವಿನ ಕಲ್ಲು ಕೆಳಗೆ ಜಾರಿದೆ. ನಾನೇ ನೋಡಿದೆ."

"ಪೊಲೀಸರಿಗೆ ಹೇಳುವ."

"ಹೇಳಿದರೆ ಅಂಗಡಿ ಮುಚ್ಚಿಸ್ತಾರೆ ಅಂತ ನಿನ್ನ ಭಾವ ಬಿಡುದಿಲ್ಲ."

"ಭಾವ ಎಲ್ಲಿ?"

"ಕೆಳಗೇ ಇದ್ದಾರೆ. ಗೊನೆಗಳನ್ನು ಒಂದೊಂದಾಗಿ ಹೊರಗೆ ತರ್ತಾ ಇದ್ದಾರೆ. ಕರೆದರೆ ಬರುದಿಲ್ಲ."

"ಆ ಕಲ್ಲು ಮೇಲೆ ರಸ್ತೆಯಲ್ಲಿ ಸರಿಯಾಗಿ ಎಲ್ಲಿಗೆ ಬರ್ತದೆ?"

ಕಾಂತಿಯಕ್ಕ ಬಸ್ಸು ನಿಲ್ಲುವ ಜಾಗಕ್ಕೆ ಬೆರಳು ತೋರಿಸಿದರು. ನಾನು ಮೆಲ್ಲ ಹಿಂದೆ ಸರಿದೆ.

ತಿರುವಿನಲ್ಲಿ ಹಾರ್ನ್ ಕೇಳಿತು. ಅಕ್ಕ ತಮ್ಮ ಇಬ್ಬರೂ ಎರಡೂ ಕೈ ಮೇಲೆತ್ತಿಕೊಂಡು ರಸ್ತೆಯ ನಡುವೆಯೇ ಬಸ್ಸಿಗೆ ಎದುರಾಗಿ ಓಡಿದರು.

ಕಂಡಕ್ಟರ್ ಬಾಗಿಲಿನಿಂದ ನಗುತ್ತಾ ಕೂಗಿದ:

"ಓಡ್ಬೇಡಿ ಮಾರಾಯ್ರೆ, ಸೀಟು ಉಂಟು! ಸ್ಟಾಪಿನಲ್ಲೇ ನಿಲ್ಲಿಸ್ತೇವೆ!"