ಎಡೆಯಲ್ಲಿಟ್ಟ ಕರಿ ಬಿಲ್ಲೆ

ಕಾರ್ತಿಕಾ ಮತ್ತು ಅವಳ ಅಮ್ಮ ಚೆಲ್ಲಮ್ಮ ಕೊನೆಯ ಬಸ್ಸಿಳಿದು ಬಾವಿಯ ಪಕ್ಕದಲ್ಲಿ ಬರುತ್ತಿದ್ದರು. ಚೆಲ್ಲಮ್ಮ ನನ್ನ ದೊಡ್ಡಮ್ಮ. ಸೇಲಂನಲ್ಲಿ ಮಗ್ಗದ ಮನೆ. ಕಾರ್ತಿಕಾಳ ಕೈಯಲ್ಲಿ ಅಣ್ಣ ಸೆಂದಿಲ್‌ಕುಮಾರನ ಟಿಫಿನ್ ಡಬ್ಬಿ. ಒಳಗೆ ಒಂದು ಕರಿ ಬಿಲ್ಲೆ, ಒಂದು ಚಿಕ್ಕ ಅಯಸ್ಕಾಂತ. ಕಾಲೇಜಿನವರು ಕೊಟ್ಟದ್ದು ಅಷ್ಟೇ.

ಬಾವಿಯೊಳಗಿಂದ ಸದ್ದು. ಚುಸ್ಸ್... ಚುಸ್ಸ್... ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ.

“ಅಮ್ಮಾ... ಕೇಳಿಸ್ತಾ?”

“ತಿರುಗಬ್ಯಾಡ. ನಡೀಲೇ.”

ಸೆಂದಿಲ್ ಸತ್ತದ್ದು ಆ ಬಾವಿಯ ತಿರುವಿನಲ್ಲೇ. ತೊಂಬತ್ಮೂರರಲ್ಲಿ, ಆ ರಾತ್ರಿಗೆ ಕೆಲವು ದಿನ ಮೊದಲು.

ಅವನು ಮಾಡುತ್ತಿದ್ದದ್ದು ಅತಿವಾಹಕ. ಚೆನ್ನಾಗಿ ತಣಿಸಿದರೆ ಕರೆಂಟಿಗೆ ಅಡ್ಡಿಯೇ ಮಾಡದ ವಸ್ತು. ಮೇಲೆ ಇಟ್ಟ ಅಯಸ್ಕಾಂತ ಗಾಳಿಯಲ್ಲಿ ನಿಲ್ಲುತ್ತದೆ. ಬಿಲ್ಲೆಗೆ ಕುಲುಮೆಯಲ್ಲಿ ಸಾಕಷ್ಟು ಆಕ್ಸಿಜನ್ ಸೇರಬೇಕು. ಸೇರದಿದ್ದರೆ ಅದು ಬರೀ ಸೆಮಿಕಂಡಕ್ಟರ್, ಏನನ್ನೂ ತೇಲಿಸದು. ಒಮ್ಮೆ ನಡುವೆ ಕರೆಂಟ್ ಹೋಯಿತು. ಗೈಡ್ ನಾಗರಾಜನ್, “ಕೆಟ್ಟೋಯ್ತು, ಬಿಸಾಕು,” ಎಂದರು. ಸೆಂದಿಲ್ ಮತ್ತೆ ಕಾಯಿಸಿದ, ನಿಧಾನವಾಗಿ ಆರಿಸಿದ. “ನೂಲಿಗೆ ಗಂಜಿ ಉಣಿಸ್ದಂಗೆ ಆಕ್ಸಿಜನ್ ಉಣಿಸಿದೀನಿ ಕಣೋ,” ಎಂದು ನನಗೆ ಹೇಳಿದ್ದ.

ತಣಿಸಿ ಪರೀಕ್ಷಿಸಲು ದ್ರವ ನೈಟ್ರೋಜನ್ ಬೇಕು; ಹಿಮಕ್ಕಿಂತ ಎಷ್ಟೋ ತಣ್ಣಗೆ, ಸುರಿದರೆ ಚುಸ್ಸೆಂದು ಕುದಿಯುವಂಥದು. ಗೈಡ್ ತರಿಸಿಕೊಡಲಿಲ್ಲ. ನಲ್ಲಂಪಳ್ಳಿ ಕಡೆಯ ದನದ ಆಸ್ಪತ್ರೆಯಲ್ಲಿ ಹೋರಿಯ ವೀರ್ಯ ಕೆಡದಿರಲು ಅದನ್ನು ಇಟ್ಟಿರುತ್ತಾರೆ. ಬೇಡಿ ತಂದ. ಮೊಪೆಡ್ ಮರಳಿನಲ್ಲಿ ಜಾರಿತು. ಕ್ಯಾನು ಬಾವಿಗೆ ಬಿತ್ತು. ಅವನ ತಲೆ ಬಾವಿಯ ಕಟ್ಟೆಗೆ ಬಡಿಯಿತು.

ತಿಥಿಯ ದಿನ ನಾನೂ ಇದ್ದೆ. ನಾಗರಾಜನ್ ಬಂದಿದ್ದರು. ದೊಡ್ಡಮ್ಮನ ಕೈಲಿದ್ದ ಬಿಲ್ಲೆ ನೋಡಿದರು.

“ಇದುಕ್ಕಾ ಪೋಯಿ ಉಯಿರ್ ವಿಟ್ಟಾನ್? ಇದಕ್ಕೋಸ್ಕರ ಜೀವ ಬಿಟ್ಟನಾ? ವೇಸ್ಟಮ್ಮಾ. ಬರೀ ಕಲ್ಲು.”

“ಕಲ್ಲೇ ಆಗ್ಲಿ ಸಾರ್. ಅವನಿಗಿಷ್ಟ.”

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು ಬಾಗಿಲು ಮುಚ್ಚುವುದು ನಮ್ಮಲ್ಲಿ ಪದ್ಧತಿ. ದೊಡ್ಡಮ್ಮ ಕೋಳಿಸಾರಿನ ಪಕ್ಕ ಸ್ಟೀಲ್ ತಟ್ಟೆಯಲ್ಲಿ ಬಿಲ್ಲೆ ಇಟ್ಟಳು. ಅದರ ಮೇಲೆ ಅಯಸ್ಕಾಂತ. ಬಾಗಿಲು ಮುಚ್ಚಿದಳು.

ಎಲ್ಲರೂ ಹೊರಗೆ ಕೂತೆವು.

ಒಳಗೆ... ಚುಸ್ಸ್...

ಬಾಗಿಲು ತೆಗೆದಾಗ ಸಾರು ಹೆಪ್ಪುಗಟ್ಟಿತ್ತು. ಮೇ ತಿಂಗಳು. ತಟ್ಟೆಯಂಚಿನಲ್ಲಿ ಬಿಳಿ ಮಂಜು. ಬಿಲ್ಲೆಯ ಮೇಲೆ ಅಯಸ್ಕಾಂತ ನಿಂತಿತ್ತು... ಗಾಳಿಯಲ್ಲಿ.

“ಬಂದವ್ನೆ,” ಎಂದಳು ದೊಡ್ಡಮ್ಮ.

ನಾಗರಾಜನ್ ಬಿಲ್ಲೆಯನ್ನು ಕರ್ಚೀಫಿನಲ್ಲಿ ಎತ್ತಿಕೊಂಡರು. ಅಯಸ್ಕಾಂತ ತಟ್ಟೆಗೆ ಬಿತ್ತು. ಟಿಣ್.

“ಟೆಸ್ಟ್ ಮಾಡಿ ಕೊಡ್ತೀನಮ್ಮಾ.”

ಕೊಡಲಿಲ್ಲ. ಡಿಸೆಂಬರಿನಲ್ಲಿ ಮದ್ರಾಸಿನ ಒಂದು ಸಭೆಯಲ್ಲಿ ಅದೇ ಬಿಲ್ಲೆಗೆ ನೈಟ್ರೋಜನ್ ಸುರಿದರು. ಅಯಸ್ಕಾಂತ ತೇಲಿತು. ಚಪ್ಪಾಳೆ. “ನನ್ನ ವಿಧಾನ,” ಎಂದರು. ನಾನೂ ಆ ಸಭೆಯಲ್ಲಿದ್ದೆ. ಆಮೇಲೆ ಹತ್ತಿರ ಹೋಗಿ ಕೇಳಿದೆ.

“ಸಾರ್, ಸೆಂದಿಲ್ ಹೆಸರು?”

“ಯಾವ ಸೆಂದಿಲ್?”

ಮರುದಿನ ದೊಡ್ಡಮ್ಮನ ಮನೆಗೆ ಹೋದೆ. ಏನು ಹೇಳಬೇಕೋ ತಿಳಿದಿರಲಿಲ್ಲ. ಕಾರ್ತಿಕಾ ಬಾಗಿಲಲ್ಲೇ ಕೈ ಹಿಡಿದು ಸೆಂದಿಲ್ ಫೋಟೋದ ಹತ್ತಿರ ಕರೆದೊಯ್ದಳು. ಮುಂದೆ ಆ ತಟ್ಟೆ, ಆ ಅಯಸ್ಕಾಂತ.

“ನೆನ್ನೆಯಿಂದ ಇಂಗೇ ಐತೆ...” ಎಂದು ಪಿಸುಗುಟ್ಟಿದಳು.

ಬಗ್ಗಿ ನೋಡಿದೆ. ಜೇಬಿನಲ್ಲಿ ಬಸ್ ಟಿಕೆಟ್ ಇತ್ತು. ಅಯಸ್ಕಾಂತದ ಕೆಳಗೆ ತೂರಿಸಿದೆ. ಎಲ್ಲೂ ತಡೆಯಲಿಲ್ಲ. ಆಚೆ ಬಂತು. ತಟ್ಟೆಯಲ್ಲಿ ಬಿಲ್ಲೆ ಇರಲಿಲ್ಲ. ತಟ್ಟೆ ಬೆಚ್ಚಗಿತ್ತು.

ಈಗಲೂ ಹಾಗೇ ಇದೆ. ನಂಬದಿದ್ದರೆ ಬನ್ನಿ. ಟಿಕೆಟ್ ನೀವೇ ತನ್ನಿ.