ಅತ್ತೆಯ ಹೊಲಿಗೆ ಬಿಚ್ಚಿದ್ದು

ಬಿಚ್ಚಬೇಡ, ಅನಘಾ. ಕತ್ತರಿ ಕೆಳಗಿಡು. ಡೊಂಕಾಗಿದೆ ಅಂತ ನನಗೂ ಕಾಣ್ತದೆ, ಕನ್ನಡಕ ಹಾಕದಿದ್ರೂ ಕಾಣ್ತದೆ, ಆದ್ರೆ ಅದು ನಿನ್ನ ತಂಗಿ ಹಾಕಿದ ಹೊಲಿಗೆ. ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ನೀನು ಬಿಚ್ಚೂದಲ್ಲ. ಕೂತ್ಕೋ ಇಲ್ಲಿ. ನೆಟ್ಟಗೆ ಕೂತ್ಕೋ. ಅವಳು ಹೊಲೀತಿರೂ ಈ ಬಟ್ಟೆಗೆ ನೀವು ಬಂಡಾನಾ ಅಂತೀರಲ್ಲ, ಬೈಕಿನ ಹುಡುಗರು ತಲೆಗೆ ಕಟ್ಟೂದು, ಅದಕ್ಕೆ ನಾವು ಚೌಕ ರುಮಾಲು ಅಂತಿದ್ವಿ. ಕೆಂಪು, ನೀಲಿ, ಅದರ ಮೇಲೆ ಬಿಳಿ ಮಾವಿನಕಾಯಿ ಚಿತ್ತಾರ. ಭಟ್ಕಳದವರು ದುಬೈಯಿಂದ ಬರುವಾಗ ಡಜನ್‌ಗಟ್ಟಲೆ ತರ್ತಿದ್ರು, ನೆಂಟರಿಗೆಲ್ಲ ಹಂಚಿ ಉಳಿದದ್ದು ಕಪಾಟಿನಲ್ಲಿ ಬಿದ್ದಿರ್ತಿತ್ತು. ಹಾಗೆ ಉಳಿದ ರುಮಾಲಿನಲ್ಲಿ ಗೋದಡಿ ಹೊಲಿದೇ ನಾವು ಒಂದು ವರ್ಷ ದಾಟಬೇಕು ಅಂತಿದ್ವಿ, ಗೊತ್ತಾ.

ಅದು ನಿಮ್ಮ ಅಪ್ಪ ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಅಲ್ಲ, ಮೂರನೇದು, ನಾಲ್ಕನೇದಕ್ಕೆ ನಾವು ಕುಮಟೆಯ ಆ ಬಾಡಿಗೆ ಮನೆಯಲ್ಲಿ ಇರಲೇ ಇಲ್ಲ. ನಿಮ್ಮ ಅಜ್ಜ ಕುಮಟಾ-ಭಟ್ಕಳ ಬಸ್ಸಿನಲ್ಲಿ ಕಂಡಕ್ಟರು. ಧಾರೇಶ್ವರದ ಹತ್ತಿರ ಬಾಗಿಲಿಂದ ಬಿದ್ದು ಸೊಂಟ ಮುರೀತು, ಹಾಸಿಗೆ ಹಿಡಿದ್ರು. ನಾನು ಕಾನ್ವೆಂಟಿನಲ್ಲಿ ಓದಿದವಳು, ಕಸೂತಿಯಲ್ಲಿ ಕ್ಲಾಸಿಗೇ ಮೊದಲು. ನಮ್ಮ ಸಿಸ್ಟರು ಹೊಲಿದದ್ದನ್ನು ಕಿಟಕಿಗೆ ಹಿಡಿದು ನೋಡ್ತಿದ್ರು, ಒಂದು ಹೊಲಿಗೆ ಆಚೀಚೆ ಆದ್ರೂ ಕಡೇವರೆಗೆ ಬಿಚ್ಚಿಸ್ತಿದ್ರು. ಆದ್ರೆ ಗೋದಡಿ ನನಗೆ ಬರ್ತಿರಲಿಲ್ಲ. ಅದು ಬರ್ತಿದ್ದದ್ದು ನನ್ನ ಅತ್ತೆಗೆ, ನಿಮ್ಮ ಮುತ್ತಜ್ಜಿಗೆ. ಹಿರೇಗುತ್ತಿ ಹಳ್ಳಿಯವರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹೊರಗಿನ ಅಂಚಿಂದ ಶುರು ಮಾಡಿ ಸುತ್ತ ಸುತ್ತ ಹೊಲೀತಾ ನಡುವಿಗೆ ಬರ್ತಿದ್ರು. ಗದ್ದೆ ನೆಟ್ಟಿಯ ಹಾಡು ಹೇಳ್ತಾ ಹೊಲಿಯೋರು, ಹಾಡಿನ ಒಂದು ಸೊಲ್ಲು ಮುಗಿದಲ್ಲಿ ದಾರ ಎಳೀತಿದ್ರು. ಸ್ಕೇಲೂ ಇಲ್ಲ, ಚಾಕ್‌ಪೀಸೂ ಇಲ್ಲ. ಆಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಿಗ್ಗೆ ನಾನು ಹತ್ತು ಸೂಜಿಗೆ ದಾರ ಪೋಣಿಸಿ ಇಟ್ರೆ ಅವರಿಗೆ ದಿನಕ್ಕಾಯ್ತು.

ಅವರು ಹೊಲಿದ ಒಂದು ಮಾದರಿ ತಕೊಂಡು ನಾನು ಭಟ್ಕಳಕ್ಕೆ ಹೋದೆ. ಅಲ್ಲಿ ಜುಲೇಖಾ ಆಪಾ ಅಂತ, ಆಪಾ ಅಂದ್ರೆ ಅಕ್ಕ, ದೊಡ್ಡ ಮನೆಯವರು, ಮಗಳಿಗೆ ಮೊದಲ ಬಾಣಂತನ. ಗೋದಡಿ ಕೈಯಲ್ಲಿ ಹಿಡಿದವರು ಕೆಳಗಿಡಲೇ ಇಲ್ಲ. "ಬಾಯಿ, ಇಂಥದ್ದೇ ಆರು ಬೇಕು ನಂಗೆ. ರುಮಾಲು ನಾನು ಕೊಡ್ತೆ. ಚೆಂದ ಆದ್ರೆ ಹೊನ್ನಾವರದಲ್ಲಿ ನಮ್ಮವರದ್ದು ನಾಕು ಮನೆ ಉಂಟು, ಎಲ್ಲರಿಗೂ ಹೇಳ್ತೆ, ನಿಂಗೆ ಕೈ ತುಂಬ ಕೆಲಸ" ಅಂದ್ರು. ಬಸ್ಸಿನಲ್ಲಿ ಬರುವಾಗ ರುಮಾಲಿನ ಗಂಟು ತೊಡೆ ಮೇಲೆ ಇಟ್ಕೊಂಡು ನಾನು ಅದನ್ನೇ ಯೋಚನೆ ಮಾಡ್ತಾ ಬಂದೆ. ಈ ಕೆಲಸ ಕೈ ತಪ್ಪಿದ್ರೆ ಕುಮಟೆಯ ಮನೆ ಬಿಟ್ಟು, ಮಲಗಿದ ಗಂಡನನ್ನೂ ಮಗನನ್ನೂ ಅತ್ತೆಯನ್ನೂ ಕಟ್ಕೊಂಡು ನನ್ನ ಅಣ್ಣನ ಮನೆ ಹಿತ್ತಲ ಕೋಣೆಗೆ ಹೋಗಬೇಕು. ನನಗೆ ಅದು ಆಗೂದಲ್ಲ.

ಅತ್ತೆ ಶುರು ಮಾಡಿದ್ರು. ಮೊದಲ ದಿನದ ಹೊಲಿಗೆ ಕಿಟಕಿಗೆ ಹಿಡಿದು ನೋಡಿದೆ. ಒಂದು ಸಾಲು ಇನ್ನೊಂದರ ಹತ್ತಿರ ಬಂದು ಮತ್ತೆ ದೂರ ಹೋಗ್ತದೆ. ಒಂದೊಂದು ಹೊಲಿಗೆ ಅಕ್ಕಿ ಕಾಳಿನಷ್ಟು ಉದ್ದ. ಮಾದರಿಯೂ ಹಾಗೇ ಇತ್ತು, ಆದ್ರೆ ಅದನ್ನು ನಾನು ಕಿಟಕಿಗೆ ಹಿಡಿದು ನೋಡಿರಲಿಲ್ಲ. ಇದನ್ನು ದೊಡ್ಡ ಮನೆಗೆ ಹೇಗೆ ಕೊಡೂದು? ಅತ್ತೆಗೆ ಹೇಳಿದ್ರೆ ಬೇಜಾರಾಗ್ತದೆ ಅಂತ ಹೇಳಲಿಲ್ಲ. ಅದು ಮರ್ಯಾದೆ ಅಂತ ತಿಳ್ಕೊಂಡಿದ್ದೆ. ಮಧ್ಯಾಹ್ನ ಅವರು ಊಟ ಮಾಡಿ ಮಲಗ್ತಿದ್ರು, ನಾನು ಅವರ ಸಾಲು ಬಿಚ್ಚಿ, ಸ್ಕೇಲ್ ಇಟ್ಟು ಚಾಕ್‌ಪೀಸಿನ ಗೆರೆ ಎಳೆದು, ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆ ಹಾಕಿ ಇಡ್ತಿದ್ದೆ. ಮಂಚದಿಂದ ಅಜ್ಜ ಎಲ್ಲ ನೋಡ್ತಿದ್ರು. "ಬೇಡ ಮಾರಾಯ್ತಿ" ಅಂದ್ರು ಒಂದು ಸಲ. "ನೀವು ಸುಮ್ಮನೆ ಮಲ್ಕೊಳ್ಳಿ" ಅಂದೆ.

ಐದನೇ ದಿನ. ಅಲ್ಲ, ಆರನೇ ದಿನವೋ. ಅತ್ತೆ ಗೋದಡಿ ಬಿಡಿಸಿ, ನಿಲ್ಲಿಸಿದ ಜಾಗ ಹುಡುಕೂಕೆ ಹೆಬ್ಬೆರಳು ಎಳೀತಾ ಬಂದ್ರು. ಬೆರಳು ನಿಂತಿತು. ಹಿಂದೆ ಹೋಯ್ತು. ಮತ್ತೆ ಬಂತು.

"ಇದು ಯಾರ ಕೈ?" ಅಂದ್ರು.

"ನಿಮ್ಮದೇ, ಅತ್ತೆ."

"ಕಣ್ಣಲ್ದಾ ಹೋದದ್ದು. ಬೆರಳು ಉಂಟು ನಂಗೆ." ಇನ್ನೊಂದು ಸಾಲು ಮುಟ್ಟಿ ನೋಡಿದ್ರು. ಆಮೇಲೆ, "ಎಷ್ಟು ದಿವ್ಸದಿಂದ?"

ಅವರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ನನ್ನ ಕೈಗೆ ಕೊಟ್ರು. "ಆತು, ಎಲ್ಲ ನೀನೇ ಮಾಡು" ಅಂದ್ರು. ಸಿಟ್ಟಿನಲ್ಲಿ ಅಲ್ಲ. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತು ಆಡ್ತಿದ್ದೆ.

ಆರೂ ನಾನೇ ಮುಗಿಸಿದೆ. ಬೆರಳೆಲ್ಲ ತೂತು. ಮನೆಯಲ್ಲಿ ಹಾಡಿಲ್ಲ, ಅಜ್ಜನ ನರಳಾಟ ಮಾತ್ರ. ಅಷ್ಟು ನೇರವಾದ ಸಾಲು ಸಿಸ್ಟರು ಕೂಡ ಕಂಡಿರಲಿಕ್ಕಿಲ್ಲ. ಭಟ್ಕಳಕ್ಕೆ ಹೋದೆ. ಆಪಾ ಒಂದನ್ನು ಬಿಡಿಸಿದ್ರು, ಮಡಚೂಕೆ ನೋಡಿದ್ರು. ಅದು ಮಡಚಲಿಲ್ಲ, ಬಗ್ಗಿ ನಿಂತಿತು. "ಬಾಯಿ, ನೋಡೂಕೆ ಚೆಂದ ಉಂಟು. ಆದ್ರೆ ಇದು ಹಲಗೆ ಆಯ್ತಲ್ಲ. ಎಳೇ ಮಗು ಸುತ್ತೂದು ಹೇಗೆ ಇದರಲ್ಲಿ? ಮೊದಲಿನದ್ದು ಕೈಗೆ ಬೆಣ್ಣೆ ಹಾಗೆ ಇತ್ತು. ಆ ಕೈ ಎಲ್ಲಿ?" ಒತ್ತೊತ್ತಾಗಿ ಬಿಗಿದು ಹೊಲಿದ್ರೆ ಪದರಿನ ನಡುವೆ ಗಾಳಿ ಉಳಿಯೂದಿಲ್ಲ, ಬಟ್ಟೆ ಸೆಡೆದುಕೊಳ್ತದೆ. ಅದು ಅತ್ತೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆಪಾ ಮಾತು ಕೊಟ್ಟಿದ್ರು, ಆರನ್ನೂ ತಕೊಂಡ್ರು, ಚಾ ಕೊಟ್ರು. ಹೊನ್ನಾವರದ ಮನೆಗಳ ಸುದ್ದಿ ತೆಗೀಲಿಲ್ಲ.

ಮನೆಗೆ ಬಂದವಳು ಕಾಲು ತೊಳೆದು ಅತ್ತೆ ಎದುರು ಕೂತೆ. "ಅತ್ತೆ, ಇನ್ನೊಂದು ಹೊಲಿದು ಕೊಡಿ. ತಕೊಂಡು ಹೋಗಿ ತೋರಿಸ್ತೆ."

"ನನ್ನ ಹೊಲಿಗೆ ಸರಿ ಇಲ್ಲ ಅಂದಿಯಲ್ಲ ನೀನು."

"ನಾನೆಲ್ಲಿ ಹೇಳಿದೆ?"

"ಬಾಯಲ್ಲಿ ಹೇಳಲಿಲ್ಲ" ಅಂದ್ರು. "ಹೇಳಿದ್ರೆ ನಾನೇ ಬಿಚ್ಚಿ ಹಾಕ್ತಿದ್ದೆ."

ಮತ್ತೆ ಅವರು ಸೂಜಿ ಹಿಡೀಲಿಲ್ಲ, ಸಾಯೂವರೆಗೂ. ಮಳೆಗಾಲಕ್ಕೆ ಮೊದಲೇ ನಾವು ಅಣ್ಣನ ಹಿತ್ತಲ ಕೋಣೆಗೆ ಹೋದ್ವಿ, ಅಲ್ಲಿ ನಾನು ಊರವರ ರವಿಕೆ ಹೊಲಿದೆ, ಅದೊಂದು ಬೇರೆ ಕಥೆ, ಹೇಳೂಕೆ ಈಗ ನನಗೆ ತ್ರಾಣ ಇಲ್ಲ. ಆ ಮಾದರಿ ಗೋದಡಿ ಎಲ್ಲಿ ಅಂತ ಕೇಳ್ತೀಯಾ? ನೀನು ಕೂತದ್ದು ಅದರ ಮೇಲೇ. ಡೊಂಕು ಹೌದು, ಈಗಲೂ ನಾನು ಅದನ್ನು ನೇರ ಅನ್ನೂದಿಲ್ಲ. ಆದ್ರೆ ಒಬ್ಬರು ಹಾಕಿದ ಹೊಲಿಗೆ ತಪ್ಪಿದ್ರೆ ಎದುರು ಕೂತು ಹೇಳಬೇಕು, ಬಿಚ್ಚೂದನ್ನು ಅವರಿಗೇ ಬಿಡಬೇಕು. ಬಚ್ಚಲ ಬಾಗಿಲು ತೆಗೆದ ಸದ್ದಾಯ್ತು, ಬಂದ್ಲು ಅವಳು. ಕತ್ತರಿ ಇಲ್ಲಿ ಕೊಡು.