ಅದರ ಮಾತು ನಿಂತರೆ

ಚಂದ್ರಾ ಲೇಔಟ್ ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ವಿಮಲಮ್ಮನ ಪಕ್ಕ ಯಾರೋ ಅಕ್ಕ ತಮ್ಮ ಬಂದು ಕೂತರು. ತಮ್ಮನಿಗೆ ಕಣ್ಣು ಕಾಣದು. ಹಳೇ ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಅವುಚಿಕೊಂಡಿದ್ದ.

"ಅಕ್ಕಾ, ವಾಪಸ್ ಹೋಗೂಣು. ನನಗ ಅಂಜಿಕಿ ಆಗ್ತೈತಿ."

"ಯಾಕೋ ಶಿವಯೋಗಿ? ಒಂದು ಸಾಲು ಗಟ್ಟಿಯಾಗಿ ಓದಿ ಹೇಳಾಕ ಈ ಕಂಪ್ಯೂಟರ್ ಒಂದು ನಿಮಿಷ ತಗೋತೈತಿ ಅಂತ ನೀನ ಅಳ್ತಿದ್ದಿ. ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ಹಾಕಿಸಿದ್ರ ಚುರುಕಾಗ್ತೈತಿ, ಅಗ್ಗನೂ ಐತಿ."

"ಹಾಕಿದ ಮ್ಯಾಲೆ ಚಾಲೂನ ಆಗ್ಲಿಲ್ಲಂದ್ರ?"

"ಆಗಬಹುದು ಅಂದಾರ ಮಾರ್ಕೆಟ್ ಅಂಗಡಿಯವ್ರು."

"ಆಗಬಹುದು ಅಂದ್ರ ಹ್ಯಾಂಗ? ಸೋಮವಾರ ಪರೀಕ್ಷೆ ಐತಿ. ಪುಸ್ತಕ ಎಲ್ಲಾ ಅದರೊಳಗ ಅದಾವು. ಅದರ ಮಾತು ನಿಂತ್ರ ನನಗ ಯಾರು ಓದಿ ಹೇಳ್ತಾರ?"

"ನಾ ಹೇಳ್ತೀನಿ."

"ನಿನಗ ಇಂಗ್ಲಿಷ್ ಬರ್ತೈತೇನು?"

ಅಕ್ಕ ಜಾರುತ್ತಿದ್ದ ಬೆಡ್‌ಶೀಟನ್ನು ಡಬ್ಬಕ್ಕೆ ಮತ್ತೆ ಬಿಗಿಯಾಗಿ ಸುತ್ತಿದಳು.

ಅಷ್ಟರಲ್ಲಿ ಮಾರ್ಕೆಟ್ ಬಸ್ಸು ಬಂತು. "ಹತ್ತಲ್ವೇನಮ್ಮಾ?" ಎಂದರು ವಿಮಲಮ್ಮ.

"ಇಲ್ಲರೀ ಅಮ್ಮಾ," ಎಂದು ಅಕ್ಕ ಡಬ್ಬಕ್ಕೆ ಕೈ ಕೊಟ್ಟಳು. "ಏಳೋ. ಪರೀಕ್ಷೆ ಮುಗೀಲಿ. ಅಲ್ಲೀತನಕ ಅದು ನಿಧಾನ ಓದಿದ್ರ ನಾವೂ ನಿಧಾನ ಕೇಳೂಣು."

ಬಸ್ಸಿನ ಕಿಟಕಿಯಿಂದ ವಿಮಲಮ್ಮ ನೋಡಿದರು. ಇಬ್ಬರೂ ಡಬ್ಬವನ್ನು ನಡುವೆ ಹಿಡಿದುಕೊಂಡು ಬಂದ ದಾರಿಯಲ್ಲೇ ಹೋಗುತ್ತಿದ್ದರು.